ಮನೆ ಹಿಂದಿನ ಪಾದೆ ನಿಜವಾಗಿ 'ಬೋಳು ಜಾಗ'ವಾ? ಭಾನುವಾರದ ಮೀಟಿಂಗ್‌ಗೆ ಮುಂಚೆ ಯಾರಾದರೂ ಹೇಳಿ

ಪಾದೆಪಕ್ಕದವ · ಜುಲೈ 14, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ಮಣಿಪಾಲದಿಂದ ಸ್ವಲ್ಪ ಕೆಳಗೆ ನಮ್ಮ ಮನೆ. ಹಿಂದುಗಡೆ ಒಂದೂವರೆ ಎಕರೆಯಷ್ಟು ಮುರಕಲ್ಲಿನ ಪಾದೆ, ಅಂದರೆ ಚಪ್ಪಟೆ ಬಂಡೆಯ ಬಯಲು. ಬೇಸಿಗೆಯಲ್ಲಿ ಚಪ್ಪಲಿ ಇಲ್ಲದೆ ಕಾಲಿಡುವ ಹಾಗಿಲ್ಲ. ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಅಷ್ಟೇ. ಮಳೆ ಹಿಡಿದ ಮೇಲೆ ಅಲ್ಲಲ್ಲಿ ನೀರು ನಿಲ್ಲುತ್ತದೆ. ದೊಡ್ಡ ಹೊಂಡ ನನ್ನ ಹೆಜ್ಜೆಯಲ್ಲಿ ಹನ್ನೆರಡು ಹೆಜ್ಜೆ ಉದ್ದ, ಆಳ ಮೊಣಕಾಲಿಗಿಂತ ಕಡಿಮೆ.

ಇದು 'ಬೋಳು ಜಾಗ' ಎಂದು ಮೊನ್ನೆ ನಮ್ಮ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ತೀರ್ಮಾನ ಆಯಿತು. ನಾಲ್ಕು ಲಾರಿ ಮಣ್ಣು ತರಿಸಿ ಪಾದೆಗೆ ಹರಡುವುದು, ನೂರು ಗಿಡ ನೆಡುವುದು, ಸೊಳ್ಳೆಮರಿ ತಿನ್ನಲೆಂದು ಹೊಂಡಗಳಿಗೆ ಗಪ್ಪಿ ಮೀನು ಬಿಡುವುದು. ಭಾನುವಾರ ಮೀಟಿಂಗ್. ಸುಳ್ಳು ಯಾಕೆ, ನಾನೂ ಹೆಬ್ಬೆರಳು ಒತ್ತಿದ್ದೆ.

ಆಮೇಲೆ ಮಗಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಮನೆ ಹತ್ತಿರದ ಒಂದು ಜಾಗದಲ್ಲಿ ಜೀವ ಇರುವುದು ಏನೇನು, ಜೀವ ಇಲ್ಲದ್ದು ಏನೇನು, ಪಟ್ಟಿ ಮಾಡಬೇಕು. ಅವಳು ಪಾದೆಗೆ ಹೋಗಿ ಬಂದಳು. ಪುಟದ ನಡುವೆ ಗೆರೆ ಎಳೆದು ಒಂದು ಕಡೆ ಕಲ್ಲು, ಮಳೆ, ಬಿಸಿಲು, ಗಾಳಿ. ಇನ್ನೊಂದು ಕಡೆ ಹುಲ್ಲು, ದನ, ಏರೋಪ್ಲೇನ್ ಚಿಟ್ಟೆ, ಇರುವೆ. ಕೊನೆಯಲ್ಲಿ 'ಜೀರುಂಡೆ' ಎಂದು ಬರೆದವಳು ಅದನ್ನು ಹೊಡೆದು 'ಕಪ್ಪೆ' ಮಾಡಿದ್ದಾಳೆ. ಜೀರುಂಡೆಯ ಹಾಗೆ ಕೂಗುತ್ತಿದ್ದದ್ದು ಕಪ್ಪೆಯಂತೆ. ಅವಳ ಹೆಬ್ಬೆರಳಿನ ತುದಿಯಷ್ಟೇ ಇತ್ತಂತೆ. "ಪಪ್ಪಾ, ಮಣ್ಣು ಹಾಕಿದರೆ ಇದು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ. ನಿಮಗೆ ಗೊತ್ತುಂಟಾ?

ಹಸಿರುಹುಚ್ಚ · ಜುಲೈ 14, ರಾತ್ರಿ 10.41

ಒಂದು ಕಪ್ಪೆಗೋಸ್ಕರ ನೂರು ಗಿಡ ಬೇಡ ಅನ್ನುವುದಾ ಮಾರಾಯ್ರೆ? ಏಪ್ರಿಲ್‌ನಲ್ಲಿ ಆ ಕಲ್ಲಿನ ಮೇಲೆ ನಿಂತು ನೋಡಿ, ಬಾಣಲೆಯ ಹಾಗೆ ಕಾಯುತ್ತದೆ. ನಾಲ್ಕು ಮರ ಇದ್ದರೆ ನೆರಳು, ಹಕ್ಕಿ, ತಂಪು. ಕಪ್ಪೆಗೆ ಜಾಗ ಬೇಕಾದಷ್ಟು ಉಂಟು, ಪಕ್ಕದ ಗದ್ದೆಗೆ ಹೋಗುತ್ತದೆ.

ನಿವೃತ್ತ ಟೀಚರ್ · ಜುಲೈ 15, ಬೆಳಿಗ್ಗೆ 6.15

ಪಾದೆಪಕ್ಕದವರೇ, ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಜೀರುಂಡೆಯನ್ನು ಕಪ್ಪೆ ಎಂದು ತಿದ್ದಿದಳಲ್ಲ, ದೊಡ್ಡವರೂ ಅಲ್ಲೇ ಏಮಾರುತ್ತಾರೆ.

ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಮಣಿಪಾಲದ ಸುತ್ತಮುತ್ತ ಇಂಥ ಪಾದೆಗಳಲ್ಲೇ 2016ರಲ್ಲಿ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿದರು. ಹೆಸರು ಮೈಕ್ರೋಹೈಲಾ ಲ್ಯಾಟರೈಟ್. ನಮ್ಮ ಮುರಕಲ್ಲಿನ ಹೆಸರನ್ನೇ ಇಟ್ಟಿದ್ದಾರೆ. ಉದ್ದ ಸುಮಾರು 1.6 ಸೆಂ.ಮೀ. ತಿಳಿ ಕಂದು ಮೈ, ಬೆನ್ನಿನ ಮೇಲೆ ಕಪ್ಪು ಗುರುತು. ಕೂಗು ಥೇಟ್ ಜೀರುಂಡೆ. ಅದೇ ಜಾತಿಯ ಬೇರೆ ಪುಟ್ಟ ಕಪ್ಪೆಗಳೂ ಉಂಟು, ಹಾಗಾಗಿ ಬೆನ್ನಿನ ಫೋಟೋ ಹಾಕಿ.

ಹಸಿರುಹುಚ್ಚರೇ, ಗದ್ದೆಗೆ ಹೋಗುತ್ತದೆ ಅಂದಿರಿ. ಗದ್ದೆಯಲ್ಲಿ ಮೀನು ಇರುತ್ತದೆ, ತೋಡಿನಿಂದ ಹತ್ತಿ ಬರುತ್ತದೆ. ಪಾದೆಯ ಹೊಂಡದಲ್ಲಿ ಮೀನಿಲ್ಲ. ಯಾಕಿಲ್ಲ? ವರ್ಷಕ್ಕೊಮ್ಮೆ ಅದು ಪೂರ್ತಿ ಒಣಗುತ್ತದೆ. ಬೇಸಿಗೆಯ ಬಿಸಿಲು ಇಲ್ಲಿ ಕಪ್ಪೆಯ ಕಾವಲುಗಾರ ಇದ್ದ ಹಾಗೆ. ಮೊಟ್ಟೆ, ಗೊದಮೊಟ್ಟೆ ತಿನ್ನುವ ಮೀನನ್ನು ಅದೇ ಹೊರಗಿಟ್ಟಿದೆ. ಆದರೆ ಕಾವಲುಗಾರನ ಸಂಬಳ ಜಾಸ್ತಿ. ನೀರು ಆರುವುದರೊಳಗೆ ಗೊದಮೊಟ್ಟೆಗೆ ಕಾಲು ಬರಬೇಕು, ಇಲ್ಲದಿದ್ದರೆ ಸತ್ತಿತು. ಹೊಂಡದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬ ಒಂದೇ ಲೆಕ್ಕದ ಮೇಲೆ ಅಲ್ಲಿ ಯಾರು ಬದುಕಬಹುದು ಎಂದು ನಿರ್ಧಾರ ಆಗಿಬಿಡುತ್ತದೆ.

ಮಗಳ ಪಟ್ಟಿ ಚೆನ್ನಾಗಿದೆ, ನಡುವಿನ ಗೆರೆ ಮಾತ್ರ ಅಳಿಸಲು ಹೇಳಿ. ನಾನೂ ಬೋರ್ಡಿನ ಮೇಲೆ ಆ ಗೆರೆ ಎಳೆದು ಎಷ್ಟು ವರ್ಷ ಪಾಠ ಮಾಡಿದೆನೋ. ಇಕೋಸಿಸ್ಟಮ್ ಎಂಬ ಪದವನ್ನು 1935ರಲ್ಲಿ ಆರ್ಥರ್ ಟಾನ್ಸ್‌ಲಿ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಬಳಕೆಗೆ ತಂದ. ಅವನ ತಕರಾರೇ ಇದು, ಜೀವಿಗಳನ್ನು ಕಲ್ಲು, ಮಣ್ಣು, ಹವೆಯಿಂದ ಬಿಡಿಸಿ ನೋಡಬೇಡಿ ಎಂದು.

ಬೈಲುಮನೆ · ಜುಲೈ 15, ಬೆಳಿಗ್ಗೆ 7.50

ಟೀಚರ್ ಹೇಳಿದ ಲೆಕ್ಕ ನಮಗೆ ಹೊಸತಲ್ಲ. ನಮ್ಮ ಹಿರಿಯರು ಗದ್ದೆಗೆ ಹೆಸರಿಟ್ಟದ್ದೇ ನೀರು ನೋಡಿ. ಬೆಟ್ಟು ಗದ್ದೆ ಮೇಲಿನದು, ಮಳೆಯ ನೀರು ಮಾತ್ರ, ಒಂದೇ ಬೆಳೆ. ಮಜಲು ನಡುವಿನದು, ಮಳೆಗಾಲದ ಏಣೆಲು ಬೆಳೆ ಆದ ಮೇಲೆ ಎರಡನೇ ಬೆಳೆ ಸುಗ್ಗಿಯೂ ಆಗುತ್ತದೆ. ಬೈಲು ತಗ್ಗಿನದು, ನೀರು ಜಾಸ್ತಿ ದಿನ ನಿಲ್ಲುವುದರಿಂದ ಮೂರನೇ ಬೆಳೆ ಕೊಳಕೆಯೂ ಬೆಳೆಯಬಹುದು. ಮಣ್ಣು ನೋಡಲು ಒಂದೇ ತರ ಇದ್ದರೂ ಬೈಲಿಗೆ ಹಾಕುವ ಬೀಜವನ್ನು ಬೆಟ್ಟಿಗೆ ಯಾರೂ ಹಾಕುವುದಿಲ್ಲ.

ಇನ್ನೊಂದು ವಿಷಯ. ನೀವು ಮೇಲೆ, ನಾನು ಕೆಳಗೆ. ಆ ಪಾದೆಯ ನೀರು ನನ್ನ ಬಾವಿಗೆ ಬರುತ್ತದೆ. ನಮ್ಮ ಬಾವಿ ತೋಡುವಾಗ ನಾನು ಚಿಕ್ಕವ, ಮಣ್ಣು ಎಳೆಯುವ ಹಗ್ಗ ಹಿಡಿಯುತ್ತಿದ್ದೆ. 28 ಅಡಿ ತನಕ ಬರೀ ಮುರಕಲ್ಲು, ಜೇನುಗೂಡಿನ ಹಾಗೆ ತೂತು ತೂತು. ಆಮೇಲೆ ಹಾರೆಗೆ ಮೆತ್ತಗೆ ಸಿಕ್ಕಿತು, ಬಿಳಿ, ನಸುಗೆಂಪು, ಹಳದಿ ಪಟ್ಟೆ ಪಟ್ಟೆ. ಶೇಡಿ ಮಣ್ಣು. ತೋಡುವವರು "ಇನ್ನು ನೀರು ದೂರ ಇಲ್ಲ" ಅಂದರು. ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತಿನಲ್ಲಿ ಇಳಿದು ಶೇಡಿ ಸಿಕ್ಕಿದಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿಂದ ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಒಸರಾಗಿ ಬರುತ್ತದೆ. ನಮ್ಮ ತೋಟದ ಮೂಲೆಯ ಒಸರು ಹಿಂದೆ ಮಾರ್ಚ್ ತನಕ ಇರುತ್ತಿತ್ತು. ಮೇಲೆ ನಾಲ್ಕು ಕಡೆ ಕಾಂಕ್ರೀಟ್ ಆದ ಮೇಲೆ ಜನವರಿಗೇ ನಿಲ್ಲುತ್ತದೆ.

ಹಸಿರುಹುಚ್ಚ · ಜುಲೈ 15, ಬೆಳಿಗ್ಗೆ 9.05

ಕಾಂಕ್ರೀಟ್ ಬೇರೆ, ಗಿಡ ಬೇರೆ ಅಲ್ವಾ? ಗಿಡ ನೆಟ್ಟರೆ ನೀರು ಇಂಗುತ್ತದೆ ಎಂದೇ ಎಲ್ಲರೂ ಹೇಳುವುದು. ಅಕೇಶಿಯಾ ಆ ಕಲ್ಲಿನಲ್ಲೂ ಬರುತ್ತದೆ, ನೋಡಿದ್ದೇನೆ.

ಬೈಲುಮನೆ · ಜುಲೈ 15, ಬೆಳಿಗ್ಗೆ 9.30

ಬರುತ್ತದೆ, ಬರುತ್ತದೆ. ಆಮೇಲೆ ಹೋಗುವುದೇ ಇಲ್ಲ. ನಮ್ಮ ಕರಾವಳಿಯ ಎಷ್ಟು ಪದವುಗಳಲ್ಲಿ, ಗುಡ್ಡದ ಮೇಲಿನ ಬಯಲುಗಳಲ್ಲಿ, ಅದನ್ನು ನೆಟ್ಟರು! ಅದರ ಎಲೆ ಬೇಗ ಕೊಳೆಯುವುದೂ ಇಲ್ಲ, ಚಾಪೆಯ ಹಾಗೆ ಬಿದ್ದಿರುತ್ತದೆ. ಅಡಿಯಲ್ಲಿ ದನಕ್ಕೆ ಒಂದು ಹಿಡಿ ಹುಲ್ಲಿಲ್ಲ.

ನಿವೃತ್ತ ಟೀಚರ್ · ಜುಲೈ 15, ಬೆಳಿಗ್ಗೆ 10.10

ಅಕೇಶಿಯಾ ಆ ಕಲ್ಲಿನಲ್ಲೂ ಯಾಕೆ ಬರುತ್ತದೆ ಗೊತ್ತಾ? ಅದರ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಮರಕ್ಕೆ ಅನುಕೂಲ. ಪಾದೆಗೆ ಅಲ್ಲ, ಅದು ಬಡತನದಲ್ಲೇ ಬದುಕಿದ ಜಾಗ.

ನಮ್ಮಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿ.ಮೀ. ಮಳೆ, ಮುಕ್ಕಾಲು ಪಾಲಿಗಿಂತ ಜಾಸ್ತಿ ನಾಲ್ಕೇ ತಿಂಗಳಲ್ಲಿ. ಲಕ್ಷಾಂತರ ವರ್ಷ ಹೀಗೆ ತೊಳೆದರೆ ಏನು ಉಳಿಯುತ್ತದೆ? ಸುಣ್ಣ, ಪೊಟ್ಯಾಷ್ ಎಲ್ಲ ಹೋಯಿತು. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದೇ ಮುರಕಲ್ಲು. ಇದ್ದ ಚೂರು ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಇಂಥ ಕಡೆ ಬೆಳೆಯುವ ಗಿಡಕ್ಕೆ ಮಣ್ಣಿನಲ್ಲಿ ಊಟ ಇಲ್ಲ. ಅದಕ್ಕೆ ಕೆಲವು ಹುಳ ಹಿಡಿಯಲು ಕಲಿತವು. ಡ್ರಾಸೆರಾ ಎಲೆಯ ಕೂದಲ ತುದಿಯಲ್ಲಿ ಅಂಟು ಹನಿ ಇಟ್ಟುಕೊಂಡು ಕೂರುತ್ತದೆ. ಯುಟ್ರಿಕ್ಯುಲೇರಿಯಾ ನೆಲದಡಿಯ ಪುಟ್ಟ ಚೀಲದಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಎಳೆದುಕೊಳ್ಳುತ್ತದೆ. ಆಗಸ್ಟ್ ಕೊನೆಗೆ ಹೋಗಿ, ಪಾದೆಯೆಲ್ಲ ನೇರಳೆ ಹೂವು.

ಈಗ ನಾಲ್ಕು ಲಾರಿ ಒಳ್ಳೆ ಮಣ್ಣು ಹಾಕಿ. ಊಟ ಸಿಕ್ಕಿದ ಕೂಡಲೇ ಯಾರು ಬರುತ್ತಾರೆ? ಎತ್ತರದ ಹುಲ್ಲು, ಕಮ್ಯುನಿಸ್ಟ್ ಗಿಡ ಎಂಬ ಕಳೆ. ಎರಡು ಇಂಚಿನ ಡ್ರಾಸೆರಾ ಅವುಗಳ ನೆರಳಿನಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ. ನಾವು ಒಂದು ಗಿಡವನ್ನೂ ಕಿತ್ತಿರುವುದಿಲ್ಲ, ಆದರೂ ಎಲ್ಲ ಹೋಗಿರುತ್ತದೆ.

ಮಂಗಳೂರು ಅಮ್ಮ · ಜುಲೈ 15, ಮಧ್ಯಾಹ್ನ 1.25

ಕ್ಷಮಿಸಿ, ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ಹೋದ ವರ್ಷ ನನ್ನ ಮಗನಿಗೆ ಡೆಂಗಿ. ಆರು ದಿನ ಆಸ್ಪತ್ರೆ. ಪ್ಲೇಟ್‌ಲೆಟ್ ರಿಪೋರ್ಟ್‌ಗೆ ಕಾಯುವುದು ಎಂದರೆ ಏನೆಂದು ನಿಮಗೆ ಗೊತ್ತಿದೆಯಾ? ಮನೆ ಹಿಂದೆ ನಿಂತ ನೀರು ಕಂಡರೆ ನನಗೆ ಕಪ್ಪೆಯೂ ಬೇಡ, ಹೂವೂ ಬೇಡ. ಗಪ್ಪಿ ಬಿಡುವುದರಲ್ಲಿ ತಪ್ಪೇನು? ನಮ್ಮಲ್ಲಿ ಬಾವಿಗೆಲ್ಲ ಬಿಡುತ್ತಾರಲ್ಲ.

ನಿವೃತ್ತ ಟೀಚರ್ · ಜುಲೈ 15, ಮಧ್ಯಾಹ್ನ 3.40

ಅಮ್ಮ, ನಿಮ್ಮ ಭಯ ನ್ಯಾಯವಾದದ್ದೇ. ಅದನ್ನು ತಳ್ಳಿಹಾಕಿ ಮಾತಾಡುವವಳಲ್ಲ ನಾನು. ಬಾವಿಗೆ, ಮುಚ್ಚಲು ಆಗದ ತೊಟ್ಟಿಗೆ ಗಪ್ಪಿ ಬಿಟ್ಟರೆ ನನ್ನ ಆಕ್ಷೇಪ ಇಲ್ಲ.

ಆದರೆ ಡೆಂಗಿಯ ಸೊಳ್ಳೆ ಹುಟ್ಟುವುದು ಹೆಚ್ಚಾಗಿ ಎಲ್ಲಿ? ಟಯರು, ಹೂವಿನ ಕುಂಡದ ತಟ್ಟೆ, ಬಿಸಾಡಿದ ಬೊಂಡದ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು. ಪೇಟೆಯ ಮಲೇರಿಯಾ ಸೊಳ್ಳೆಗೆ ಟೆರೇಸಿನ ಟ್ಯಾಂಕಿ, ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿ ನಿಂತ ನೀರು ಇಷ್ಟ. ಇವೆಲ್ಲದರಲ್ಲೂ ಒಂದು ಸಮಾನ ಅಂಶ ಉಂಟು, ಅಲ್ಲಿ ಸೊಳ್ಳೆಮರಿ ತಿನ್ನುವವರು ಯಾರೂ ಇಲ್ಲ. ಪಾದೆಯ ಹೊಂಡದಲ್ಲಿ ಇದ್ದಾರೆ. ಏರೋಪ್ಲೇನ್ ಚಿಟ್ಟೆಯ ಮರಿ, ಅಂಗಾತ ಈಜುವ ನೀರುಹುಳ. ಮಳೆ ಶುರುವಾದ ಮೊದಲ ಒಂದೆರಡು ವಾರ ಇವು ಇನ್ನೂ ಸೇರಿರುವುದಿಲ್ಲ, ಆಗ ಸೊಳ್ಳೆಮರಿ ಕಾಣಬಹುದು, ಅದು ನಿಜ.

ಗಪ್ಪಿ ಬಿಟ್ಟರೆ ಅದು ಸೊಳ್ಳೆಮರಿಯನ್ನು ಮಾತ್ರ ಆರಿಸಿ ತಿನ್ನುವುದಿಲ್ಲ. ಬಾಯಿಗೆ ಹಿಡಿಸಿದ್ದೆಲ್ಲ ಊಟ. ಅದರ ನೆಂಟ ಗಂಬೂಸಿಯಾವನ್ನು 1928ರಲ್ಲಿ ಸೊಳ್ಳೆಗೆಂದೇ ಭಾರತಕ್ಕೆ ತಂದರು. ಇವತ್ತು ಅದು ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಮಂಗಳೂರು ಅಮ್ಮ · ಜುಲೈ 15, ಸಂಜೆ 5.02

ನಮ್ಮ ಟೆರೇಸಿನ ಟ್ಯಾಂಕಿಯ ಮುಚ್ಚಳ ಒಡೆದು ಮೂರು ತಿಂಗಳಾಯಿತು. ನಾಳೆಯೇ ಹಾಕಿಸುತ್ತೇನೆ. ಆದರೂ ಮನೆ ಹಿಂದೆ ಹೊಂಡ ಇದ್ದರೆ ನಾನಂತೂ ಒಪ್ಪುತ್ತಿರಲಿಲ್ಲ.

ಕೋಡಿಬೆಂಗ್ರೆ · ಜುಲೈ 16, ರಾತ್ರಿ 8.30

ಎರಡು ದಿನದಿಂದ ಓದುತ್ತಿದ್ದೇನೆ. ನಾನು ಪಾದೆಯವನಲ್ಲ, ಅಳಿವೆಯವ. ಸೀತಾ, ಸ್ವರ್ಣಾ ಸೇರಿ ಕಡಲಿಗೆ ಹೋಗುವಲ್ಲಿ ನಮ್ಮ ಮನೆ. ನಿಮ್ಮಲ್ಲಿ ನೀರು ನಿಲ್ಲುವ ದಿನದ ಲೆಕ್ಕ, ನಮ್ಮಲ್ಲಿ ಉಪ್ಪಿನ ಲೆಕ್ಕ. ಈಗ ಜುಲೈಯಲ್ಲಿ ಹೊಳೆಯ ನೀರು ಬಾಯಿಗೆ ಹಾಕಿದರೆ ಸಪ್ಪೆ. ಮೇ ತಿಂಗಳಲ್ಲಿ ಹಾಕಿದರೆ ಕಡಲೇ. ಅದೇ ಜಾಗ.

ಮರುವಾಯಿ, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುವವರನ್ನು ಕೇಳಿ. ಕಪ್ಪು ಮರುವಾಯಿ ಮೇಲೆ, ಉಪ್ಪು ಕಡಿಮೆ ಇರುವಲ್ಲಿ. ಗೆರೆ ಗೆರೆಯದ್ದು ಅಳಿವೆ ಬಾಯಿಯ ಹತ್ತಿರ, ಅದಕ್ಕೆ ಉಪ್ಪು ಬೇಕು. ನೆರೆ ನೀರು ಬಂದಾಗ ಚಿಪ್ಪು ಗಟ್ಟಿ ಮುಚ್ಚಿ ಕೂರುತ್ತದೆ. ಸಪ್ಪೆ ನೀರು ಜಾಸ್ತಿ ದಿನ ನಿಂತರೆ ಸಾಯುತ್ತದೆ, ದಡದಲ್ಲಿ ಚಿಪ್ಪು ಬಾಯಿ ತೆರೆದು ರಾಶಿ. ವಾಸನೆಗೆ ಅತ್ತ ಹೋಗಲಿಕ್ಕಿಲ್ಲ.

ಹಸಿರುಹುಚ್ಚರಿಗೆ ಒಂದು ಮಾತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ಅದರ ಬೇರಿನ ಸಂದಿಯಲ್ಲೇ ಮೀನುಮರಿ, ಏಡಿಮರಿ ಬೆಳೆಯುವುದು. ಹಾಗೆಂದು ಒಮ್ಮೆ ನಮ್ಮಲ್ಲಿ ಉತ್ಸಾಹದಲ್ಲಿ ಮರುವಾಯಿ ಹೆಕ್ಕುವ ಬಯಲಲ್ಲೇ ತಂದು ಊರಿದರು. ಕಾಂಡ್ಲಾ ಸುಮ್ನೆ ಕೂರುವ ಗಿಡ ಅಲ್ಲ. ಬೇರು ನೀರಿನ ಓಟ ತಗ್ಗಿಸುತ್ತದೆ, ಕೆಸರು ಅಲ್ಲೇ ಕೂರುತ್ತದೆ, ನೆಲ ಏರುತ್ತದೆ. ಮರುವಾಯಿಗೆ ಬೇಕಾದದ್ದು ಮರಳು ಸೇರಿದ ತೆಳು ಕೆಸರು. ನಾಲ್ಕು ವರ್ಷದಲ್ಲಿ ಅಲ್ಲಿ ಹೆಕ್ಕಲು ಏನೂ ಉಳಿಯಲಿಲ್ಲ. ಹೆಕ್ಕಿ ಜೀವನ ಮಾಡುತ್ತಿದ್ದ ಹೆಂಗಸರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಗಲ್ಫ್ ಗೋವಿಂದ · ಜುಲೈ 16, ರಾತ್ರಿ 9.15

ಮರುವಾಯಿ, ಅಳಿವೆ, ಪಾದೆ. ಯಾಕೆ ಹೀಗೆ ಬರೆದು ನಮ್ಮ ಹೊಟ್ಟೆ ಉರಿಸುತ್ತೀರಿ? ಇಲ್ಲಿ 46 ಡಿಗ್ರಿ. ಅಂದ ಹಾಗೆ ಪಾದೆಯ ಅಂಚಿನಲ್ಲಿ ಕಲ್ಲಣಬೆ ಸಿಗುತ್ತಿತ್ತಲ್ಲ, ಗೋಲಿಯಷ್ಟು ದಪ್ಪ? ಈಗಲೂ ಸಿಗುತ್ತದಾ? ಗುಡುಗು ಬಂದರೆ ಏಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು.

ಬೈಲುಮನೆ · ಜುಲೈ 16, ರಾತ್ರಿ 9.40

ಬೋಗಿ ಮರ ಇರುವ ಹಾಡಿಯ ಬುಡದಲ್ಲಿ ಸಿಗುತ್ತದೆ ಗೋವಿಂದಣ್ಣ. ಮೊದಲ ಮಳೆಗೆ. ಗುಡುಗಿಗೆ ಏಳುವುದಾದರೆ ಎಲ್ಲ ಕಡೆ ಏಳಬೇಕಿತ್ತಲ್ಲ. ಅದರ ದಾರದಂಥ ಬೇರು ಮರದ ಬೇರಿಗೆ ಸುತ್ತಿಕೊಂಡಿರುತ್ತದೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಮರಕ್ಕೆ ಮಣ್ಣಿನಿಂದ ರಂಜಕ ತಂದುಕೊಡುತ್ತದೆ. ಅದಕ್ಕೇ ಹಿತ್ತಿಲಲ್ಲಿ ಬೆಳೆಸಲು ಆಗುವುದಿಲ್ಲ. ನಾನು ಎರಡು ಸಲ ಪ್ರಯತ್ನ ಪಟ್ಟು ಸೋತವ.

ಪಾದೆಪಕ್ಕದವ · ಜುಲೈ 17, ರಾತ್ರಿ 11.50

ಈಗಷ್ಟೇ ಪಾದೆಯಿಂದ ಬಂದೆ. ನಾನು, ಮಗಳು, ಒಂದು ಟಾರ್ಚು, ಒಂದು ಹರಿದ ಕೊಡೆ. ನಾವು ಹತ್ತಿರ ಹೋದರೆ ಕೂಗು ನಿಲ್ಲುತ್ತದೆ, ಟಾರ್ಚು ಆರಿಸಿ ಕುಳಿತರೆ ಮತ್ತೆ ಶುರು. ಹತ್ತು ನಿಮಿಷ ಹೀಗೇ ಆಯಿತು. ಕೊನೆಗೆ ಕಲ್ಲಿನ ಬಿರುಕಿನಲ್ಲಿ, ಹುಲ್ಲಿನ ಬುಡದಲ್ಲಿ ಸಿಕ್ಕಿತು. ಇಷ್ಟು ಸಣ್ಣ ಮೈ, ಗಂಟಲು ಮಾತ್ರ ಬಲೂನಿನ ಹಾಗೆ ಉಬ್ಬುತ್ತದೆ. ಬೆನ್ನಿನ ಮೇಲೆ ಕಪ್ಪು ಗುರುತು ಸ್ಪಷ್ಟವಾಗಿದೆ. ಪಕ್ಕದಲ್ಲಿ ದನದ ಗೊರಸು ಊರಿ ಆದ ಒಂದು ಗುಳಿ, ಅಂಗೈಯಷ್ಟು. ಅದರಲ್ಲಿ ಗಾಜಿನ ಹಾಗಿರುವ ಗೊದಮೊಟ್ಟೆಗಳು. ಕಣ್ಣೆರಡು ಇಲ್ಲದಿದ್ದರೆ ಇದೆ ಎಂದೇ ಗೊತ್ತಾಗುವುದಿಲ್ಲ. ಮಗಳು ಎಣಿಸಿದಳು, 23.

ಟೀಚರ್, ಫೋಟೋ ನಿಮಗೆ ಕಳಿಸಿದ್ದೇನೆ.

ನಿವೃತ್ತ ಟೀಚರ್ · ಜುಲೈ 18, ಬೆಳಿಗ್ಗೆ 6.05

ನೋಡಿದೆ. ಅದೇ ಎಂದು ನನಗೆ ತೋರುತ್ತದೆ. ಗೊತ್ತಿರುವವರಿಗೂ ಕಳಿಸಿದ್ದೇನೆ, ಅವರು ಹೇಳಲಿ. ಮೀಟಿಂಗಿನಲ್ಲಿ ಕಪ್ಪೆಯ ಹೆಸರು ಮೊದಲೇ ಎತ್ತಬೇಡಿ, ನಗುತ್ತಾರೆ. ಬೈಲುಮನೆಯವರ ಬಾವಿಯಿಂದ ಶುರು ಮಾಡಿ.

ಹಸಿರುಹುಚ್ಚ · ಜುಲೈ 18, ಬೆಳಿಗ್ಗೆ 8.20

ಸರಿ, ಪಾದೆಯ ಮೇಲೆ ಮಣ್ಣು ಬೇಡ ಎಂದು ಒಪ್ಪಿದೆ. ಆದರೆ ಎಲ್ಲ ಪಾದೆಯೂ ಅಪರೂಪ ಎನ್ನುತ್ತಾ ಹೋದರೆ ಜನ ಮನೆ ಎಲ್ಲಿ ಕಟ್ಟಬೇಕು? ನಿಮ್ಮ ಮನೆಯೂ ಪಾದೆ ಒಡೆದೇ ಆದದ್ದಲ್ವಾ? ಗೋಡೆಯ ಕಲ್ಲೂ ಅದೇ.

ಪಾದೆಪಕ್ಕದವ · ಜುಲೈ 18, ಬೆಳಿಗ್ಗೆ 8.45

ಹೌದು, ಅದೇ ಕಲ್ಲು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಪಾದೆಪಕ್ಕದವ · ಜುಲೈ 19, ಸಂಜೆ 7.10

ಮೀಟಿಂಗ್ ಮುಗಿಯಿತು. ಟೀಚರ್ ಹೇಳಿದ ಹಾಗೆ ಬಾವಿಯಿಂದ ಶುರು ಮಾಡಿದೆ. ಲಾರಿ ಮಣ್ಣು ರದ್ದು. ಗಿಡ ರಸ್ತೆ ಬದಿಗೆ, ಮೊದಲೇ ಅಗೆದು ಹಾಳಾದ ದರೆಯ ಅಂಚಿಗೆ. ಅಕೇಶಿಯಾ ಬೇಡ, ಹೊನ್ನೆ, ರೆಂಜೆ, ನೇರಳೆ ಇರಲಿ ಎಂದಾಯಿತು. ಟಯರು, ಕುಂಡ ತೆಗೆಯಲು ಪ್ರತಿ ಶನಿವಾರ ಎರಡು ಮನೆಯವರು ಸುತ್ತಬೇಕು. ಮೊದಲ ಸುತ್ತಿನಲ್ಲೇ ನಮ್ಮ ಕಾರ್‌ಶೆಡ್ಡಿನ ಹಿಂದೆ ಎರಡು ಟಯರು ಸಿಕ್ಕಿದವು. ಮರ್ಯಾದೆ ಹೋಯಿತು.

ಬೇಸರದ ವಿಷಯ, ಮೀಟಿಂಗಿಗೆ ಮುಂಚೆಯೇ ಯಾರೋ ದೊಡ್ಡ ಹೊಂಡಕ್ಕೆ ಗಪ್ಪಿ ಬಿಟ್ಟಾಗಿದೆ. ಬಲೆ ಹಾಕಿ ಒಂದಷ್ಟು ಹಿಡಿದೆವು. ಎಲ್ಲ ಸಿಗಲಿಲ್ಲ. ಏನು ಮಾಡುವುದು?

ನಿವೃತ್ತ ಟೀಚರ್ · ಜುಲೈ 19, ರಾತ್ರಿ 8.00

ಮದ್ದುಗಿದ್ದು ಹಾಕಲು ಹೋಗಬೇಡಿ. ಆ ಹೊಂಡದ ಈ ವರ್ಷದ ಗೊದಮೊಟ್ಟೆ ಹೋಯಿತು ಎಂದೇ ಲೆಕ್ಕ. ಗೊರಸಿನ ಗುಳಿಗಳು, ಸಣ್ಣ ಹೊಂಡಗಳು ಇವೆಯಲ್ಲ. ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ.

ಪಾದೆಪಕ್ಕದವ · ಸೆಪ್ಟೆಂಬರ್ 6, ಮಧ್ಯಾಹ್ನ 12.30

ಟೀಚರ್, ನೇರಳೆ ಹೂವು ಬಂತು! ಹುಡುಗರು ಕ್ರಿಕೆಟ್ ಪಿಚ್ಚನ್ನು ಎಂಟು ಅಡಿ ಆಚೆ ಸರಿಸಿದ್ದಾರೆ, ನಾನು ಹೇಳಿದ್ದಲ್ಲ. ಡ್ರಾಸೆರಾದ ಎಲೆಗೆ ಒಂದು ಸೊಳ್ಳೆ ಅಂಟಿತ್ತು. ಫೋಟೋವನ್ನು ಮಂಗಳೂರು ಅಮ್ಮನಿಗೆ ಅರ್ಪಿಸುತ್ತೇನೆ.

ಮಂಗಳೂರು ಅಮ್ಮ · ಸೆಪ್ಟೆಂಬರ್ 6, ಮಧ್ಯಾಹ್ನ 2.10

ಒಂದೇ ಒಂದಾ? 😄

ಪಾದೆಪಕ್ಕದವ · ನವೆಂಬರ್ 22, ಸಂಜೆ 6.40

ಹೊಂಡ ಒಣಗಿತು. ಕಳೆದ ವಾರ ನೀರು ಪಾದದಷ್ಟು ಆಳಕ್ಕೆ ಇಳಿದಾಗ ಬೆಳ್ಳಕ್ಕಿಗಳು ಸಾಲಾಗಿ ಬಂದು ಗಪ್ಪಿ ಹೆಕ್ಕಿದವು. ಎರಡು ದಿನದಲ್ಲಿ ಕೆಲಸ ಮುಗಿಸಿದವು. ಏರೋಪ್ಲೇನ್ ಚಿಟ್ಟೆಗಳೂ ಈಗ ಕಾಣುತ್ತಿಲ್ಲ. ಅವು ಮಾಲ್ಡೀವ್ಸ್ ದಾಟಿ ಆಫ್ರಿಕಾದ ಕಡೆಗೆ ಹೋಗುತ್ತವೆ ಎಂದು ಮಗಳು ಎಲ್ಲೋ ಓದಿ ಬಂದು ಎಲ್ಲರಿಗೂ ಹೇಳುತ್ತಿದ್ದಾಳೆ. ಕೊನೆಯ ತನಕ ನೀರು ಉಳಿದದ್ದು ಆ ದನದ ಗೊರಸಿನ ಗುಳಿಯಲ್ಲಿ, ಒಂದು ಚಮಚದಷ್ಟು. ಅದೂ ಇವತ್ತು ಆರಿದೆ.

ಬೈಲುಮನೆ · ನವೆಂಬರ್ 22, ರಾತ್ರಿ 7.30

ನಮ್ಮ ಒಸರು ಇನ್ನೂ ಹರಿಯುತ್ತಿದೆ. ದನ ನನ್ನದೇ, ಕೆಂಪಿ.

ಗಲ್ಫ್ ಗೋವಿಂದ · ನವೆಂಬರ್ 22, ರಾತ್ರಿ 9.00

ಮೇ ಕೊನೆಗೆ ಟಿಕೆಟ್ ಮಾಡಿದ್ದೇನೆ. ಬೈಲುಮನೆಯವರೇ, ಆ ಬೋಗಿ ಮರ ಎಲ್ಲಿರುವುದು? ಇಲ್ಲಿ ಬರೆಯಬೇಡಿ, ಬೇರೆಯಾಗಿ ಕಳಿಸಿ.